ಮನೆ ವರ್ಕ್‌ಶಾಪಿಗೊಂದು ತಿರುಗೋ ಸ್ಟೂಲು: ಅಳತೆ, ಲೆಕ್ಕ, ಜೋಡಣೆ

ಆನ್‌ಲೈನ್‌ನಲ್ಲಿ ತಿರುಗೋ ಸ್ಟೂಲು ಅಂತ ಹುಡುಕಿದರೆ ಫೋಟೊ ಇರುತ್ತೆ, ಬಣ್ಣ ಇರುತ್ತೆ, 'ಹೆವಿ ಡ್ಯೂಟಿ' ಅಂತ ದಪ್ಪಕ್ಷರದಲ್ಲಿ ಬರೆದಿರುತ್ತೆ. ನಮಗೆ ನಿಜವಾಗಿ ಬೇಕಾದ ಎರಡು ಸಂಖ್ಯೆ ಮಾತ್ರ ಎಲ್ಲೋ ಕೆಳಗೆ ಅಡಗಿರುತ್ತೆ, ಕೆಲವು ಸಲ ಇರೋದೇ ಇಲ್ಲ. ಒಂದು, ಸೀಟು ಎಷ್ಟರಿಂದ ಎಷ್ಟು ಎತ್ತರದವರೆಗೆ ಹೋಗುತ್ತೆ ಅನ್ನೋದು. ಎರಡು, ಕೆಳಗಿನ ಕಾಲುಗಳ ಹರವು ಎಷ್ಟು ಅನ್ನೋದು. ಈ ಲೇಖನ ಮುಖ್ಯವಾಗಿ ಆ ಎರಡರ ಬಗ್ಗೆ, ಆಮೇಲೆ ಪಾರ್ಸೆಲ್ ಬಂದ ಮೇಲೆ ಅದನ್ನು ಜೋಡಿಸೋ ಬಗ್ಗೆ. ಫಸ್ಟ್ ಇಯರ್ ಮೆಕ್ಯಾನಿಕ್ಸ್ ಮತ್ತು ವರ್ಕ್‌ಶಾಪ್ ಲ್ಯಾಬ್ ಸ್ವಲ್ಪ ನೆನಪಿದ್ದರೆ ಸಾಕು.

ಉದಾಹರಣೆ ನಮ್ಮೂರು ಹಟ್ಟಿಯದು. ಲಿಂಗಸುಗೂರು ತಾಲೂಕು, ರಾಯಚೂರು ಜಿಲ್ಲೆ. ಕೆಜಿಎಫ್ 2001ರಲ್ಲಿ ಮುಚ್ಚಿದ ಮೇಲೆ ಚಿನ್ನದ ಗಣಿ ಅಂದರೆ ಎಲ್ಲರೂ ತೋರಿಸೋದು ನಮ್ಮೂರನ್ನೇ. ಗಣಿ ಊರಾದ್ದರಿಂದ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್‌ಗಳಿಗೆ ಬರ ಇಲ್ಲ. ರಿಟೈರ್ ಆದವರು ಸುಮ್ಮನೆ ಕೂರೋ ಜನ ಅಲ್ಲ, ಮನೆ ಪಡಸಾಲೆಯಲ್ಲೇ ಒಂದು ಬೆಂಚು, ಒಂದು ವೈಸ್ ಹಾಕಿಕೊಂಡು ಮಿಕ್ಸರ್, ಫ್ಯಾನು, ಸಣ್ಣ ಮೋಟರು ರಿಪೇರಿ ಶುರು ಮಾಡುತ್ತಾರೆ. ನಮ್ಮ ಕಾಕಾ ಅಂಥವರಲ್ಲಿ ಒಬ್ಬರು, ಹಳೇ ಫಿಟ್ಟರ್. ವಯಸ್ಸು ಅರವತ್ತು ದಾಟಿದೆ. ನೆಲದ ಮೇಲೆ ಕೂತು ಕೆಲಸ ಮಾಡಬೇಡಿ ಅಂತ ಮೊಣಕಾಲು ನೋಡಿದ ಡಾಕ್ಟರ್ ಹೇಳಿದ್ದಾರೆ. ಅಲ್ಲಿಂದ ಇಪ್ಪತ್ತು ಲೀಟರಿನ ಪೇಂಟ್ ಡಬ್ಬಿ ಬೋರಲು ಹಾಕಿಕೊಂಡು ಅದರ ಮೇಲೆ ಕೂರೋದು ರೂಢಿಯಾಯಿತು. ಡಬ್ಬಿ ಗಿಡ್ಡ, ಬೆಂಚು ಎತ್ತರ, ಹೀಗಾಗಿ ಭುಜ ಎರಡೂ ಕಿವಿ ಹತ್ತಿರ ಬಂದಿರುತ್ತೆ. ಕೈ ನೋವು ಅಂತ ವೈಂಡಿಂಗ್ ಕೆಲಸ ಬಿಡೋ ಮಾತೂ ಬಂತು. ಅವರಿಗೆ ಅದು ದುಡ್ಡಿನ ಪ್ರಶ್ನೆ ಮಾತ್ರ ಅಲ್ಲ, ಬೆಳಿಗ್ಗೆ ಎದ್ದು ಹೋಗಿ ಕೂರೋಕೆ ಒಂದು ಜಾಗ ಬೇಕು. ಆದರೆ ಎತ್ತರದ ಸ್ಟೂಲಿನಿಂದ ಆ ವಯಸ್ಸಿನಲ್ಲಿ ಒಂದು ಸಲ ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ಅದಕ್ಕೇ ಚೆಂದ ಕಾಣೋ ಸ್ಟೂಲು ಹುಡುಕೋದು ಬಿಟ್ಟು ಲೆಕ್ಕ ಮಾಡೋಣ ಅಂತ ಕೂತೆವು.

ಮೊದಲು ಎತ್ತರ

ಸ್ಟೂಲಿಗೆ ತನ್ನದೇ ಆದ 'ಸರಿಯಾದ ಎತ್ತರ' ಅಂತ ಯಾವುದೂ ಇಲ್ಲ. ಬೆಂಚು ಎಷ್ಟು ಎತ್ತರ, ಕೂರೋರ ಮೊಣಕೈ ಎಲ್ಲಿ ಬರುತ್ತೆ, ಯಾವ ಕೆಲಸ ಅನ್ನೋದರ ಮೇಲೆ ಅದು ನಿಂತಿದೆ. ಟೇಪು ತಗೊಂಡು ಅಳತೆ ಮಾಡಿ. ಗಟ್ಟಿ ಕುರ್ಚಿ ಮೇಲೆ ನೇರ ಕೂತು, ತೋಳು ಕೆಳಗೆ ಬಿಟ್ಟು ಮೊಣಕೈ ಮಡಚಿ. ಸೀಟಿನಿಂದ ಮೊಣಕೈವರೆಗೆ ಎಷ್ಟು? ಕಾಕಾಗೆ 22 ಸೆಂ.ಮೀ. ಬಂತು. ಆಮೇಲೆ ಪಾದದಡಿಯಿಂದ ಮೊಣಕಾಲಿನ ಹಿಂಭಾಗದ ಮಡಿಕೆವರೆಗೆ: 42 ಸೆಂ.ಮೀ. ಬೆಂಚಿನ ಎತ್ತರ 85 ಸೆಂ.ಮೀ.

ಸಾಲ್ಡರಿಂಗ್, ವೈಂಡಿಂಗ್, ಗಡಿಯಾರ ರಿಪೇರಿಯಂಥ ಕಣ್ಣಿಟ್ಟು ಮಾಡೋ ಕೆಲಸಕ್ಕೆ ಬೆಂಚಿನ ಮೇಲ್ಮೈ ಮೊಣಕೈಗಿಂತ 5 ರಿಂದ 10 ಸೆಂ.ಮೀ. ಮೇಲಿರಬೇಕು. ಸಾಮಾನ್ಯ ಜೋಡಣೆ ಕೆಲಸಕ್ಕೆ ಮೊಣಕೈ ಮಟ್ಟ ಅಥವಾ ಸ್ವಲ್ಪ ಕೆಳಗೆ ಸಾಕು. ಅರ ಹಾಕೋದು, ಹ್ಯಾಕ್ಸಾ, ಸುತ್ತಿಗೆ ಕೆಲಸಕ್ಕೆ ಇನ್ನೂ ಕೆಳಗೆ ಬೇಕು, ಆದರೆ ಅಂಥ ಕೆಲಸವನ್ನು ನಿಂತೇ ಮಾಡಬೇಕು. ಸ್ಟೂಲಿನ ಮೇಲೆ ಕೂತು ವೈಸ್ ಎಳೆಯೋ ವಿಷಯಕ್ಕೆ ಆಮೇಲೆ ಬರ್ತೀನಿ.

ವೈಂಡಿಂಗ್‌ಗೆ ಅಂತ 5 ಸೆಂ.ಮೀ. ಹಿಡಿಯೋಣ. ಬೆಂಚು 85, ಅಂದರೆ ಮೊಣಕೈ 80ರಲ್ಲಿ ಇರಬೇಕು. ಅದರಲ್ಲಿ 22 ಕಳೆದರೆ ಸೀಟು 58 ಸೆಂ.ಮೀ. ಈಗ ಈ 58ನ್ನು ಹಿಡಿದುಕೊಂಡು ಇನ್ನೆರಡು ಚೆಕ್ ಮಾಡಬೇಕು. ತೊಡೆಯ ದಪ್ಪ ಸುಮಾರು 15 ಸೆಂ.ಮೀ. ಹಿಡಿದರೆ ತೊಡೆಯ ಮೇಲ್ಭಾಗ 73ಕ್ಕೆ ಬರುತ್ತೆ. ಬೆಂಚಿನ ಹಲಗೆ 4 ಸೆಂ.ಮೀ. ದಪ್ಪ ಇದ್ದರೆ ಅದರ ತಳ 81ರಲ್ಲಿ, ಆರಾಮ ಕಾಲು ಆಡುತ್ತೆ. ಆದರೆ ಹಲಗೆ ಕೆಳಗೆ ಡ್ರಾಯರ್ ಇದ್ದು ತಳ 75ಕ್ಕೆ ಇಳಿದಿದ್ದರೆ ಉಳಿಯೋದು 2 ಸೆಂ.ಮೀ. ಮಾತ್ರ, ತಿರುಗೋ ಸ್ಟೂಲು ತಂದೂ ತಿರುಗೋಕಾಗಲ್ಲ. ಡ್ರಾಯರ್ ಬಿಚ್ಚಿಡೋದೇ ವಾಸಿ.

ಎರಡನೇ ಚೆಕ್ ಪಾದದ್ದು. ಸೀಟು 58, ಕಾಲಿನ ಅಳತೆ 42, ಅಂದರೆ ಪಾದ ನೆಲದಿಂದ 16 ಸೆಂ.ಮೀ. ಮೇಲೆ ನೇತಾಡುತ್ತೆ. ನೇತಾಡಿದರೆ ಸೀಟಿನ ಅಂಚು ತೊಡೆ ಹಿಂದೆ ಒತ್ತಿ ಕಾಲು ಜೋಮು ಹಿಡಿಯುತ್ತೆ. ಹಾಗಾಗಿ 16 ಸೆಂ.ಮೀ. ಎತ್ತರದಲ್ಲಿ ಕಾಲಿಡೋ ರಿಂಗ್ ಬೇಕು, ಅಥವಾ ಬೆಂಚಿಗೇ ಅಡ್ಡಪಟ್ಟಿ ಹೊಡೆಯಬೇಕು.

ಮಾರ್ಕೆಟ್‌ನಲ್ಲಿ ಗ್ಯಾಸ್ ಲಿಫ್ಟ್ ಸ್ಟೂಲುಗಳು ಹೆಚ್ಚುಕಡಿಮೆ ಎರಡು ಗುಂಪು. ಸಲೂನ್, ಕ್ಲಿನಿಕ್‌ಗಳಲ್ಲಿ ಕಾಣೋದು 45ರಿಂದ 60ರ ಆಸುಪಾಸು. ಡ್ರಾಫ್ಟಿಂಗ್ ಸ್ಟೂಲು ಅಂತ ಕರೆಯೋದು 60ರ ಮೇಲೆ. ನಮಗೆ 58 ಬೇಕು, ಅಂದರೆ ಮೊದಲ ಗುಂಪಿನ ಮೇಲ್ತುದಿ. 'ಎತ್ತರದ ಬೆಂಚಿಗೆ ಎತ್ತರದ ಸ್ಟೂಲು' ಅಂತ ಅಂದಾಜಿಗೆ ಎರಡನೇ ಗುಂಪಿನದನ್ನು ತರಿಸಿದ್ದರೆ ಕಾಕಾ ಬೆಂಚಿನ ಮೇಲೆ ಬಗ್ಗಿ ಕೂರಬೇಕಾಗುತ್ತಿತ್ತು. ಫೋಮ್ ಕೂತಾಗ ಒಂದೆರಡು ಸೆಂ.ಮೀ. ಇಳಿಯುತ್ತೆ ಅನ್ನೋದನ್ನೂ ಲೆಕ್ಕದಲ್ಲಿಡಿ.

ಐದು ಕಾಲು ಯಾಕೆ?

ಮೂರು ಕಾಲಿನ ಸ್ಟೂಲು ಎಂಥ ನೆಲದಲ್ಲೂ ಕುಲುಕಲ್ಲ, ಮೂರು ಬಿಂದು ಯಾವಾಗಲೂ ಒಂದು ಸಮತಲದಲ್ಲಿರುತ್ತೆ. ಆದರೆ ಕುಲುಕದೇ ಇರೋದು ಬೇರೆ, ಬೀಳದೇ ಇರೋದು ಬೇರೆ. ಸ್ಟೂಲು ಮಗುಚೋದು ಕಾಲಿನ ತುದಿಯ ಮೇಲೆ ಅಲ್ಲ, ಅಕ್ಕಪಕ್ಕದ ಎರಡು ಕಾಲುಗಳನ್ನು ಸೇರಿಸೋ ಗೆರೆಯ ಮೇಲೆ. ಮಧ್ಯದ ಕಂಬದಿಂದ ಆ ಗೆರೆಗೆ ಇರೋ ದೂರವೇ ನಮ್ಮ ಬಂಡವಾಳ. ಅದರ ಸೂತ್ರ: ಕಾಲಿನ ಉದ್ದ (ಕಂಬದಿಂದ ತುದಿಗೆ) × ಕಾಸ್ (180 ಡಿಗ್ರಿ ÷ ಕಾಲುಗಳ ಸಂಖ್ಯೆ).

ಕಾಲಿನ ಉದ್ದ 25 ಸೆಂ.ಮೀ. ಅನ್ನಿ. ಮೂರು ಕಾಲಿದ್ದರೆ ಆ ದೂರ 12.5 ಸೆಂ.ಮೀ. ನಾಲ್ಕಿದ್ದರೆ 17.7. ಐದಿದ್ದರೆ 20.2. ಆರಿದ್ದರೆ 21.7. ಮೂರರಿಂದ ನಾಲ್ಕಕ್ಕೆ 5 ಸೆಂ.ಮೀ. ಲಾಭ, ನಾಲ್ಕರಿಂದ ಐದಕ್ಕೆ ಎರಡೂವರೆ, ಐದರಿಂದ ಆರಕ್ಕೆ ಒಂದೂವರೆ. ಆಫೀಸು ಕುರ್ಚಿಗಳೆಲ್ಲ ಐದು ಕಾಲಿಗೆ ಯಾಕೆ ನಿಂತವು ಅಂತ ಈ ಸಂಖ್ಯೆ ನೋಡಿದರೇ ಗೊತ್ತಾಗುತ್ತೆ. ಆರನೇ ಕಾಲಿಗೆ ಖರ್ಚು ಜಾಸ್ತಿ, ಸಿಗೋ ಲಾಭ ಕಡಿಮೆ, ಪಾದ ತಗಲೋಕೆ ಇನ್ನೊಂದು ಅಡ್ಡಿ ಬೇರೆ.

ಈಗ ಮನುಷ್ಯನನ್ನು ಕೂರಿಸಿ. ಸೀಟು 65 ಸೆಂ.ಮೀ. ಎತ್ತರದಲ್ಲಿದ್ದರೆ ದೇಹದ ಗುರುತ್ವಕೇಂದ್ರ ನೆಲದಿಂದ ಸುಮಾರು 88 ಸೆಂ.ಮೀ.ಯಲ್ಲಿ ಇರುತ್ತೆ (ಸ್ಟೂಲಿನ ತೂಕ ಬಿಟ್ಟುಬಿಡೋಣ). ಐದು ಕಾಲಿಗೆ ಮಗುಚೋ ಕೋನ 13 ಡಿಗ್ರಿ, ನಾಲ್ಕಕ್ಕೆ 11, ಮೂರಕ್ಕೆ ಬರೀ 8. ಅದೇ ಐದು ಕಾಲಿನ ಸ್ಟೂಲಿನ ಸೀಟು 47ಕ್ಕೆ ಇಳಿಸಿದರೆ ಕೋನ 16 ಡಿಗ್ರಿಗೆ ಏರುತ್ತೆ. ಅಂದರೆ ಎತ್ತರ ಅನ್ನೋದು ಬಿಟ್ಟಿ ಸಿಗಲ್ಲ, ಬೆಂಚಿಗೆ ಎಷ್ಟು ಬೇಕೋ ಅಷ್ಟೇ ತಗೋಬೇಕು.

ವೈಸ್ ವಿಷಯಕ್ಕೆ ಬರೋಣ. 60 ಕೆಜಿಯ ಮನುಷ್ಯ, ಎರಡೂ ಪಾದ ರಿಂಗ್ ಮೇಲೆ, ಅಂದರೆ ಪೂರ್ತಿ ತೂಕ ಸ್ಟೂಲಿನ ಮೇಲೇ. 85 ಸೆಂ.ಮೀ. ಎತ್ತರದ ಬೆಂಚಿನಲ್ಲಿ ತುಕ್ಕು ಹಿಡಿದ ನಟ್ಟಿಗೆ ಸ್ಪ್ಯಾನರ್ ಹಾಕಿ ಜಗ್ಗುತ್ತಾನೆ. ತೂಕ ಹಿಡಿದಿಡೋ ಮೊಮೆಂಟ್ 600 ನ್ಯೂಟನ್ × 0.202 ಮೀಟರ್, ಸುಮಾರು 121. ಅದನ್ನು 0.85ರಿಂದ ಭಾಗಿಸಿದರೆ 142 ನ್ಯೂಟನ್. ಅಂದರೆ 14-15 ಕೆಜಿ ಎತ್ತೋವಷ್ಟು ಬಲ ಸಾಕು, ಸ್ಟೂಲು ಏಳೋಕೆ ಶುರು. ಜಾರಿ ತಪ್ಪಿಸಿಕೊಳ್ಳುತ್ತಾ ಅಂದರೆ, ಘರ್ಷಣೆ ಗುಣಾಂಕ 0.3 ಹಿಡಿದರೆ ಜಾರೋಕೆ 180 ನ್ಯೂಟನ್ ಬೇಕು. ಜಾರೋಕಿಂತ ಮುಂಚೆ ಮಗುಚುತ್ತೆ! ಚಕ್ರ ಇದ್ದರೆ ಮಗುಚೋ ಬದಲು ಓಡಿಹೋಗುತ್ತೆ, ಅದೂ ಒಳ್ಳೇದಲ್ಲ. ಪಾದ ನೆಲಕ್ಕಿಟ್ಟರೆ ಲೆಕ್ಕವೇ ಬೇರೆ, ಆಗ ನಿಮ್ಮ ಕಾಲೇ ಆರನೇ ಏಳನೇ ಕಾಲಾಗುತ್ತೆ. ಕಾಕಾಗೆ ಈ ಲೆಕ್ಕ ತೋರಿಸಿದಾಗ, "ಇದಕ್ಕ ಕಾಗದ ಪೆನ್ನು ಯಾಕ ಬೇಕೋ, ಎದ್ದ ನಿಂತ ಜಗ್ಗಬೇಕಂತ ನಮಗ ಮೊದಲನೇ ದಿನಾನ ಹೇಳಿಕೊಟ್ಟಿದ್ರು" ಅಂದರು. ಹೌದು, ಆದರೆ ಹೇಳಿಕೊಟ್ಟವರು ಸಂಖ್ಯೆ ಕೊಟ್ಟಿರಲಿಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ಮೋಸದ್ದು. ಕಾಲಿಡೋ ರಿಂಗಿನ ವ್ಯಾಸ ಸಾಮಾನ್ಯವಾಗಿ 45 ಸೆಂ.ಮೀ. ಹತ್ತಿರ ಇರುತ್ತೆ, ಅಂದರೆ ರಿಂಗ್ ಕಂಬದಿಂದ 22 ಸೆಂ.ಮೀ. ಆಚೆ. ನಮ್ಮ ಮಗುಚೋ ಗೆರೆ 20.2ರಲ್ಲಿ. ಎರಡು ಕಾಲುಗಳ ನಡುವೆ, ರಿಂಗಿನ ಮೇಲೆ ನಿಂತು ಸ್ಟೂಲು ಹತ್ತಿದರೆ ತೂಕ ಬೀಳೋದು ಗೆರೆಯ ಹೊರಗೆ. ರಿಂಗ್ ಇರೋದು ಪಾದ ಇಡೋಕೆ, ಮೆಟ್ಟಿಲಾಗೋಕೆ ಅಲ್ಲ. ರಿಂಗ್ ಬೇಕೇ ಬೇಕಿದ್ದರೆ ಕಾಲಿನ ಉದ್ದ 30 ಸೆಂ.ಮೀ. ಇರೋ ಬೇಸ್ ನೋಡಿ, ಆಗ ಗೆರೆ 24ಕ್ಕೆ ಹೋಗುತ್ತೆ.

ಚಕ್ರ, ಸೀಟು, ಮತ್ತು ವೆಲ್ಡಿಂಗ್ ಅಂಗಡಿ

ನಮ್ಮ ಕಡೆ ಹಳೇ ಮನೆಗಳಲ್ಲಿ ನೆಲ ಶಹಾಬಾದ್ ಫರ್ಸಿ. ಎರಡು ಫರ್ಸಿ ನಡುವಿನ ಸಂದಿಯಲ್ಲಿ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತೆ. ಗಟ್ಟಿ ನೈಲಾನ್ ಚಕ್ರ ಕಾರ್ಪೆಟ್‌ಗೆ ಅಂತ ಮಾಡಿದ್ದು, ಫರ್ಸಿ, ಟೈಲ್ಸ್ ಮೇಲೆ ಅದು ಜಾರುತ್ತೆ. ಗಟ್ಟಿ ನೆಲಕ್ಕೆ ಮೆತ್ತನೆ ರಬ್ಬರ್ ಅಥವಾ ಪಿಯು ಹೊದಿಕೆಯ ಚಕ್ರ ಬೇಕು. ಅದರಲ್ಲೂ ಕಬ್ಬಿಣದ ಚೂರು, ತಾಮ್ರದ ತಂತಿ ತುಂಡು ಚುಚ್ಚಿಕೊಳ್ಳುತ್ತೆ. ವಯಸ್ಸಾದವರಿಗೆ ಚಕ್ರವೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಚಕ್ರದ ಜಾಗದಲ್ಲೇ ಕೂರೋ ಸ್ಥಿರ ಬುಡಗಳು ಸಿಗುತ್ತೆ, ಅವನ್ನು ಹಾಕಿದರೆ ಎತ್ತರ ಒಂದೆರಡು ಸೆಂ.ಮೀ. ಬದಲಾಗಬಹುದು, ಅಳೆದು ನೋಡಿ.

ಸೀಟಿನ ರೆಕ್ಸಿನ್ ನಮ್ಮ ಬೇಸಿಗೆಯಲ್ಲಿ ತಲೆನೋವು. 40 ಡಿಗ್ರಿ ದಾಟಿದಾಗ ಬೆವರು, ಅಂಟು, ಆಮೇಲೆ ಸಿಪ್ಪೆ ಏಳೋದು. ಗ್ರೈಂಡರ್ ಕಿಡಿಯೋ ಸಾಲ್ಡರ್ ಹನಿಯೋ ಬಿದ್ದರೆ ತೂತು. ಪ್ಲೈವುಡ್ ಸೀಟು ಸಿಕ್ಕರೆ ಅದು ಒಳ್ಳೇದು, ಮೇಲೆ ದಪ್ಪ ಹತ್ತಿ ಬಟ್ಟೆಯ ದಿಂಬು ಹಾಕಿಕೊಳ್ಳಬಹುದು. ಎಲೆಕ್ಟ್ರಾನಿಕ್ಸ್ ಬೋರ್ಡು ಮುಟ್ಟೋರಿಗೆ ಇದರಿಂದ ಇನ್ನೊಂದು ಲಾಭ: ರೆಕ್ಸಿನ್ ಮೇಲೆ ಪಾಲಿಯೆಸ್ಟರ್ ಪ್ಯಾಂಟು ಉಜ್ಜಿ ಎದ್ದಾಗ ಹುಟ್ಟೋ ಸ್ಟ್ಯಾಟಿಕ್ ಚಾರ್ಜ್ ಮಾಸ್‌ಫೆಟ್‌ನಂಥವನ್ನು ಕೊಲ್ಲಬಲ್ಲದು.

ಆನ್‌ಲೈನ್ ಬೇಡ, ಲಿಂಗಸುಗೂರಲ್ಲಿ ವೆಲ್ಡಿಂಗ್ ಮಾಡಿಸೋಣ ಅನ್ನೋರಿಗೆ ಸ್ಕ್ರೂ ಸ್ಟೂಲು ಇದೆ. ಎಂ24 ಥ್ರೆಡ್ ರಾಡ್, ಪಿಚ್ 3 ಮಿ.ಮೀ. ಥ್ರೆಡ್‌ನ ಏರು ಕೋನ ಸುಮಾರು ಎರಡೂವರೆ ಡಿಗ್ರಿ, ಉಕ್ಕಿಗೆ ಉಕ್ಕಿನ ಘರ್ಷಣೆ ಕೋನ 8 ಡಿಗ್ರಿಗಿಂತ ಮೇಲೆ. ಹಾಗಾಗಿ ನೀವು ಕೂತರೆ ತಾನಾಗೇ ತಿರುಗಿ ಇಳಿಯಲ್ಲ, ಸ್ಕ್ರೂ ಜ್ಯಾಕ್ ಇದ್ದ ಹಾಗೆ. ಇಪ್ಪತ್ತು ಸುತ್ತಿಗೆ 6 ಸೆಂ.ಮೀ. ಏರುತ್ತೆ. ವೆಲ್ಡರ್‌ಗೆ ಎರಡು ವಿಷಯ ಒತ್ತಿ ಹೇಳಿ. ಒಂದೇ ನಟ್ಟು ಬೇಡ, ಪೈಪಿನ ಮೇಲೂ ಕೆಳಗೂ 10 ಸೆಂ.ಮೀ. ಅಂತರದಲ್ಲಿ ಎರಡು ನಟ್ಟು ಬೇಕು, ಇಲ್ಲದಿದ್ದರೆ ಪಕ್ಕಕ್ಕೆ ವಾಲಿದಾಗ ಥ್ರೆಡ್ ತಿನ್ನುತ್ತೆ. ರಾಡಿನ ಕೆಳತುದಿಗೆ ಒಂದು ವಾಷರ್ ವೆಲ್ಡ್ ಮಾಡಿಸಿ, ತಿರುಗಿಸುತ್ತಾ ತಿರುಗಿಸುತ್ತಾ ಸೀಟು ಕೈಗೆ ಬರದ ಹಾಗೆ. ಅವರು ಹೆಚ್ಚಾಗಿ ನಾಲ್ಕೇ ಕಾಲು ಹಾಕೋದು, ಮೂಲೆಮಟ್ಟ ಹಿಡಿಯೋದು ಸುಲಭ ಅಂತ. ಹಾಕಲಿ, ಆದರೆ ಕಾಲಿನ ಉದ್ದ 25ರ ಬದಲು 29 ಸೆಂ.ಮೀ. ಮಾಡಿಸಿ. 29 × 0.707 ಅಂದರೆ 20.5, ಐದು ಕಾಲಿನ ಲೆಕ್ಕಕ್ಕೆ ಸಮ.

ನಾವು ಗ್ಯಾಸ್ ಲಿಫ್ಟ್‌ದೇ ತರಿಸಿದೆವು. ಇಪ್ಪತ್ತು ಸುತ್ತು ತಿರುಗಿಸೋ ಕೆಲಸ ನೋವಿರೋ ಕೈಗೆ ಬೇಡ ಅನ್ನೋದೊಂದೇ ಕಾರಣ.

ಬೋಲ್ಟೇ ಇಲ್ಲದ ಜೋಡಣೆ

ಪಾರ್ಸೆಲ್ ಬಿಚ್ಚಿದಾಗ ಬೇಸ್, ಐದು ಬುಡ, ಗ್ಯಾಸ್ ಸಿಲಿಂಡರ್, ರಿಂಗ್, ಸೀಟು, ಸೀಟಿನ ಕೆಳಗಿನ ಲಿವರ್ ಇರೋ ಪ್ಲೇಟು, ನಾಲ್ಕು ಬೋಲ್ಟು, ಒಂದು ಆಲನ್ ಕೀ ಇರುತ್ತೆ. ಮೊದಲು ಬೇಸ್ ತಿರುವಿ ಹಾಕಿ ಮಧ್ಯದ ತೂತಿನ ಸುತ್ತ ಬಿರುಕು ಇದೆಯಾ ನೋಡಿ. ನೈಲಾನ್ ಬೇಸ್ ಒಡೆಯೋದು ಅಲ್ಲೇ. ಬಿರುಕಿದ್ದರೆ ಫೋಟೊ ತೆಗೆದು ಆಗಲೇ ವಾಪಸ್ ಹಾಕಿ, ಜೋಡಿಸಿದ ಮೇಲೆ ಕಷ್ಟ.

ಸಿಲಿಂಡರ್ ಬೇಸಿಗೆ ಕೂರೋದಕ್ಕೂ, ಸೀಟಿನ ಪ್ಲೇಟು ಸಿಲಿಂಡರ್‌ಗೆ ಕೂರೋದಕ್ಕೂ ಬೋಲ್ಟು, ಪಿನ್ನು ಏನೂ ಇಲ್ಲ. ನೋಡಿದರೆ ಏನೋ ಬಿಟ್ಟುಹೋಗಿದೆ ಅನಿಸುತ್ತೆ. ಕಾಕಾ ಅದನ್ನು ಕೈಯಲ್ಲಿ ಹಿಡಿದು ಬೆರಳಾಡಿಸಿ ತಕ್ಷಣ, "ಇದು ಡ್ರಿಲ್ ಸ್ಲೀವ್ ಇದ್ದಂಗ ಅದಲ್ಲಪಾ" ಅಂದರು. ಅದೇ ತತ್ವ. ಲೇಥಿನ ಟೇಲ್‌ಸ್ಟಾಕ್‌ನಲ್ಲಿ ಡ್ರಿಲ್ ಹಿಡಿದಿಡೋ ಟೇಪರ್ ಅನ್ನು ಸ್ಟೀಫನ್ ಮೋರ್ಸ್ 1864ರಲ್ಲಿ ರೂಪಿಸಿದ್ದು. ಸುಮಾರು 20 ಮಿ.ಮೀ. ಉದ್ದಕ್ಕೆ ವ್ಯಾಸ 1 ಮಿ.ಮೀ. ಕಡಿಮೆಯಾಗುತ್ತೆ, ಒಂದು ಬದಿಯ ಕೋನ ಒಂದೂವರೆ ಡಿಗ್ರಿಯೊಳಗೆ. ಘರ್ಷಣೆ ಕೋನ ಇದಕ್ಕಿಂತ ಎಷ್ಟೋ ದೊಡ್ಡದು, ಹಾಗಾಗಿ ಒಮ್ಮೆ ಒತ್ತಿದರೆ ತಾನಾಗಿ ಬಿಡಲ್ಲ. ನೀವು ಕೂತಷ್ಟೂ ಅದು ಬಿಗಿಯಾಗುತ್ತೆ. ಅದಕ್ಕೇ ಟೇಪರ್‌ಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕ್ರಮ ಹೀಗೆ. ಬುಡಗಳನ್ನು ಬೇಸಿಗೆ ಒತ್ತಿ, ಬೇಕಾದರೆ ಕಟ್ಟಿಗೆ ತುಂಡು ಇಟ್ಟು ಮೆಲ್ಲಗೆ ಬಡಿಯಿರಿ. ಸಿಲಿಂಡರ್ ಇಳಿಸಿ, ಮೇಲಿನ ಗುಂಡಿಯ ಪ್ಲಾಸ್ಟಿಕ್ ಮುಚ್ಚಳ ತೆಗೆಯಿರಿ. ಈಗಲೇ ರಿಂಗ್ ಹಾಕಿ. ಸೀಟು ಕೂರಿಸಿದ ಮೇಲೆ ರಿಂಗ್ ನೆನಪಾದರೆ ಟೇಪರ್ ಬಿಡಿಸಬೇಕು, ಅದು ಒಂದು ಮಧ್ಯಾಹ್ನದ ಕೆಲಸ. ನಮ್ಮ ರಿಂಗಿನ ಎತ್ತರ 16 ಸೆಂ.ಮೀ. ಅಂತ ಮೊದಲೇ ಗೊತ್ತಿದ್ದರಿಂದ ಟೇಪು ಹಿಡಿದು ಅಲ್ಲಿಗೇ ಬಿಗಿ ಮಾಡಿದೆವು. ರಿಂಗ್ ಹೊರ ಕೊಳವೆಗೆ ಕೂತಿರುತ್ತೆ, ಸೀಟು ಏರಿಸಿದರೂ ಇಳಿಸಿದರೂ ಅದು ಅಲ್ಲೇ ಇರುತ್ತೆ ಅನ್ನೋದು ಗಮನದಲ್ಲಿರಲಿ.

ಸೀಟನ್ನು ಬೋರಲು ಹಾಕಿ ಪ್ಲೇಟು ಇಟ್ಟು ನಾಲ್ಕೂ ಬೋಲ್ಟನ್ನು ಬೆರಳಲ್ಲೇ ಮೂರು ನಾಲ್ಕು ಸುತ್ತು ಹಾಕಿ. ಒಂದನ್ನು ಪೂರ್ತಿ ಬಿಗಿ ಮಾಡಿದರೆ ಉಳಿದ ತೂತು ಹೊಂದಲ್ಲ, ಓರೆಯಾಗಿ ಹೋದ ಬೋಲ್ಟು ಪ್ಲೈವುಡ್ ಒಳಗಿನ ಟಿ-ನಟ್ಟಿನ ಥ್ರೆಡ್ ಕೆಡಿಸುತ್ತೆ. ನಾಲ್ಕೂ ಹಿಡಿದ ಮೇಲೆ ಕರ್ಣದ ಕ್ರಮದಲ್ಲಿ, ಕಾರಿನ ಚಕ್ರಕ್ಕೆ ಮಾಡೋ ಹಾಗೆ, ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಕಾಕಾ ಪೆಟ್ಟಿಗೆಯಲ್ಲಿ ಬಂದ ವಾಷರ್ ಪಕ್ಕಕ್ಕಿಟ್ಟು ತಮ್ಮ ಡಬ್ಬಿಯಿಂದ ಸ್ಪ್ರಿಂಗ್ ವಾಷರ್ ಹುಡುಕಿ ಹಾಕಿದರು. ಕೊನೆಗೆ ಸೀಟನ್ನು ಸಿಲಿಂಡರ್ ಮೇಲಿಟ್ಟು ಜೋರಾಗಿ ಒಂದೆರಡು ಸಲ ಕೂತರೆ ಮುಗಿಯಿತು.

ಗ್ಯಾಸ್ ಸಿಲಿಂಡರ್‌ಗೆ ವೆಲ್ಡಿಂಗ್ ಬೇಡ

ಈ ಭಾಗ ಓದದೆ ಹೋಗಬೇಡಿ. ಕೆಲವು ದಿನಕ್ಕೆ ರಿಂಗ್ ಜಾರೋಕೆ ಶುರುವಾಗುತ್ತೆ. ಮನೆಯಲ್ಲಿ ವೆಲ್ಡಿಂಗ್ ಮಷಿನ್ ಇದ್ದವರಿಗೆ ಮೊದಲು ಬರೋ ಯೋಚನೆ, 'ಎರಡು ಟ್ಯಾಕ್ ಹಾಕಿಬಿಡೋಣ'. ಹಾಕಬೇಡಿ.

ಸಿಲಿಂಡರ್ ಒಳಗೆ ಇರೋದು ನೈಟ್ರೋಜನ್. ಲಿವರ್ ಎತ್ತಿದಾಗ ಪಿಸ್ಟನ್ನಿನ ಎರಡೂ ಕಡೆಯ ಗ್ಯಾಸ್ ಒಂದಕ್ಕೊಂದು ಸೇರುತ್ತೆ, ಒತ್ತಡ ಎರಡೂ ಕಡೆ ಒಂದೇ. ಒಂದು ಕಡೆ ರಾಡ್ ಇರೋದರಿಂದ ವಿಸ್ತೀರ್ಣ ಮಾತ್ರ ವ್ಯತ್ಯಾಸ. ಹಾಗಾಗಿ ಮೇಲಕ್ಕೆ ತಳ್ಳೋ ಬಲ ಅಂದರೆ ಒತ್ತಡ × ರಾಡಿನ ವಿಸ್ತೀರ್ಣ. ರಾಡ್ 10 ಮಿ.ಮೀ. ಇದ್ದು, ಸೀಟನ್ನು 350 ನ್ಯೂಟನ್‌ನಿಂದ ತಳ್ಳುತ್ತಿದ್ದರೆ ಒಳಗಿನ ಒತ್ತಡ ಸುಮಾರು 45 ಬಾರ್. ಬೈಕಿನ ಟೈರಿನಲ್ಲಿ ಇರೋದು 2 ಬಾರ್ ಆಸುಪಾಸು. (ಅಂದ ಹಾಗೆ, ಸಣ್ಣ ಮಕ್ಕಳು ಕೂತು ಲಿವರ್ ಎತ್ತಿದರೂ ಸೀಟು ಇಳಿಯದೇ ಇರೋದಕ್ಕೆ ಕಾರಣ ಇದೇ, 35 ಕೆಜಿಗಿಂತ ಕಡಿಮೆ ತೂಕ ಅದನ್ನು ಗೆಲ್ಲಲ್ಲ.) ಇಂಥ ಮುಚ್ಚಿದ ಕೊಳವೆಗೆ ಬೆಂಕಿ ತಾಗಿಸಿದರೆ ಗ್ಯಾಸಿನ ಒತ್ತಡ ಏರುತ್ತೆ, ಉಕ್ಕಿನ ಬಲ ಕುಗ್ಗುತ್ತೆ, ಮತ್ತು ನಾವು ಕೂರೋದು ಅದರ ಮೇಲೆಯೇ. ಡ್ರಿಲ್, ಕಟಿಂಗ್ ವ್ಹೀಲ್ ಕೂಡ ಬೇಡ, ಗುಜರಿಗೆ ಹಾಕುವಾಗಲೂ ಇಡೀದಾಗೇ ಹಾಕಿ. ರಿಂಗ್ ಜಾರಿದರೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಅದರ ಮೇಲೆ ಬಿಗಿ ಮಾಡಿ, ಇಲ್ಲಾ ಕೆಳಗಡೆ ಒಂದು ಹೋಸ್ ಕ್ಲಾಂಪ್ ಹಾಕಿ. ನಮ್ಮದರಲ್ಲಿ ಟ್ಯೂಬೇ ಇದೆ.

ಕೊಳ್ಳುವಾಗ ಸಿಲಿಂಡರಿನ ಕ್ಲಾಸ್ ನೋಡಿ, ಸಿಕ್ಕರೆ ಕ್ಲಾಸ್ 4. ಅದರ ಕೊಳವೆಯ ಗೋಡೆ ದಪ್ಪ. ಇದಕ್ಕೆ ಜರ್ಮನಿಯ ಡಿಐಎನ್ 4550 ಅನ್ನೋ ಮಾನದಂಡ ಇತ್ತು, ಒಳ್ಳೇ ಸಿಲಿಂಡರ್ ಮೇಲೆ ಮಾನದಂಡದ ಗುರುತು ಇರುತ್ತೆ. ಸ್ಟೂಲಿನ ಪುಟದಲ್ಲಿ ಇದನ್ನು ಬರೆದಿಲ್ಲ ಅಂದರೆ ಮಾರುವವರನ್ನು ಕೇಳಿ.

ವಾರ ಕಳೆದ ಮೇಲೆ ನಾಲ್ಕು ಬೋಲ್ಟನ್ನು ಇನ್ನೊಮ್ಮೆ ಬಿಗಿ ಮಾಡಬೇಕು, ಪ್ಲೈವುಡ್ ಒತ್ತಿಕೊಂಡು ಸಡಿಲ ಆಗಿರುತ್ತೆ. ವರ್ಷಗಳಾದ ಮೇಲೆ ಕೂತಾಗ ಸೀಟು ತಾನಾಗೇ ಇಳಿಯೋಕೆ ಶುರುವಾದರೆ ವಾಲ್ವು ಅಥವಾ ಸೀಲು ಹೋಗಿದೆ ಅಂತ ಅರ್ಥ. ರಿಪೇರಿ ಮಾಡೋ ವಸ್ತು ಅಲ್ಲ ಅದು. ಟೇಪರ್ ಅಳತೆ ಹೆಚ್ಚಿನ ಕುರ್ಚಿಗಳಲ್ಲಿ ಒಂದೇ ಆಗಿರೋದರಿಂದ ಸಿಲಿಂಡರ್ ಒಂದನ್ನೇ ಬೇರೆ ತರಿಸಿ ಹಾಕಬಹುದು, ಎತ್ತರದ ಅಳತೆ ನೋಡಿ ತಗೊಳ್ಳಿ. ಹಳೇದನ್ನು ಬಿಡಿಸೋಕೆ ಬೇಸನ್ನು ತಿರುವಿ, ಕೆಳಗೆ ಕಾಣೋ ಕೊಳವೆಯ ಅಂಚಿಗೆ ಕಟ್ಟಿಗೆ ತುಂಡಿಟ್ಟು ಸುತ್ತಿಗೆಯಲ್ಲಿ ಸುತ್ತಲೂ ಬಡಿಯಿರಿ, ನಡುವಿನ ಭಾಗಕ್ಕೆ ಬಡಿಯಬೇಡಿ. ಸೀಟಿನ ಕಡೆಯದಕ್ಕೆ ಪೈಪ್ ರೆಂಚ್ ಹಾಕಿ ತಿರುಚಿದರೆ ಬಿಡುತ್ತೆ, ಕೊಳವೆಗೆ ಗೀರು ಬಿದ್ದರೆ ಬೀಳಲಿ, ಹೇಗೂ ಅದು ಗುಜರಿಗೇ ಹೋಗೋದು.